ನಿವೃತ್ತಿಯ ಇಡಿಗಂಟು ಎಲ್ಲಿಡೋದು? ಅಂಚೆ ಕಚೇರಿ, ಬ್ಯಾಂಕು, ನಮ್ಮದೇ ಸೊಸೈಟಿ: ಮಂಡ್ಯದ ಶಿಕ್ಷಕರಿಗೊಂದು ಹೋಲಿಕೆ

ಮೇ 31ಕ್ಕೆ ನಿವೃತ್ತರಾಗುವ ಶಿಕ್ಷಕರ ಪಟ್ಟಿ ಬೇರೆ ತಿಂಗಳುಗಳಿಗಿಂತ ಯಾವಾಗಲೂ ಉದ್ದ. ಕಾರಣ ನಮಗೆಲ್ಲ ಗೊತ್ತಿರುವುದೇ. ಆ ಕಾಲದಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಎಷ್ಟೋ ಮಕ್ಕಳಿಗೆ ಹುಟ್ಟಿದ ದಿನ ಜೂನ್ 1 ಅಂತಲೇ ದಾಖಲಾಯಿತು. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಒಂದೊಂದಾಗಿ ಹಣ ಖಾತೆಗೆ ಬೀಳತೊಡಗುತ್ತದೆ. ಗಳಿಕೆ ರಜೆ ನಗದೀಕರಣ, ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಜಿಪಿಎಫ್ (ಭವಿಷ್ಯ ನಿಧಿ), ಮಹಾಲೇಖಪಾಲರ ಕಚೇರಿಯ ಆದೇಶ ಬಂದ ಮೇಲೆ ಉಪದಾನ (ಗ್ರಾಚ್ಯುಟಿ) ಮತ್ತು ಪಿಂಚಣಿ ಪರಿವರ್ತನೆಯ, ಅಂದರೆ ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವ, ಮೊತ್ತ. ಆಗ ಶಿಕ್ಷಕರ ಸಂಘದಲ್ಲಿ ಓಡಾಡುವ ನಮ್ಮಂಥವರಿಗೆ ಫೋನ್ ಶುರುವಾಗುತ್ತದೆ: "ಸಾರ್, ಪೋಸ್ಟಾಫೀಸಲ್ಲಿ ಇಡ್ಲಾ, ಬ್ಯಾಂಕಲ್ಲಿ ಇಡ್ಲಾ? ನಮ್ಮ ಸೊಸೈಟಿಯೋರು ಜಾಸ್ತಿ ಬಡ್ಡಿ ಕೊಡ್ತೀವಿ ಅಂತಾರೆ, ಅಲ್ಲೇ ಹಾಕ್ಬಿಡ್ಲಾ?"

ಮದ್ದೂರಿನಿಂದ ಕೆ.ಆರ್. ಪೇಟೆಯವರೆಗೆ ಎಲ್ಲರೂ ಕೇಳುವುದು ಇದನ್ನೇ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳುವ ಉತ್ತರ ಇದಕ್ಕೆ ಸಾಲುವುದಿಲ್ಲ ಅನ್ನಿಸಿ ಬರೆಯುತ್ತಿದ್ದೇನೆ. ಮೂವತ್ತು ಮೂವತ್ತೈದು ವರ್ಷದ ದುಡಿಮೆಯ ಹಣ ಇದು. ಮತ್ತೊಮ್ಮೆ ಬರುವುದಿಲ್ಲ.

ಮೊದಲು ನಿಮ್ಮ ಪಿಂಚಣಿ ಯಾವುದು ನೋಡಿಕೊಳ್ಳಿ

ಒಂದೇ ಸ್ಟಾಫ್ ರೂಮಿನಲ್ಲಿ ಕೂತ ಇಬ್ಬರಿಗೆ ಒಂದೇ ಸಲಹೆ ಹೊಂದುವುದಿಲ್ಲ. 2006ರ ಏಪ್ರಿಲ್ 1ಕ್ಕಿಂತ ಮುಂಚೆ ಸೇವೆಗೆ ಬಂದವರಿಗೆ ಹಳೇ ಪಿಂಚಣಿ ಇದೆ. ಪ್ರತಿ ತಿಂಗಳು ಬರುತ್ತದೆ, ತುಟ್ಟಿಭತ್ಯೆ ಸೇರಿ ಬೆಲೆಯೇರಿಕೆಯ ಜೊತೆ ಒಂದಿಷ್ಟು ಏರುತ್ತದೆ. ಇವರ ಮನೆ ಖರ್ಚು ಪಿಂಚಣಿಯಲ್ಲೇ ನಡೆಯುವುದರಿಂದ ಇಡಿಗಂಟಿನ ಬಡ್ಡಿಯನ್ನೇ ನಂಬಿ ಕೂರಬೇಕಾಗಿಲ್ಲ. ಆಮೇಲೆ ಬಂದವರು ಎನ್‌ಪಿಎಸ್‌ನವರು, ಅಂದರೆ ಸಂಬಳದಲ್ಲಿ ಕಡಿದದ್ದೂ ಸರ್ಕಾರ ಸೇರಿಸಿದ್ದೂ ಕೂಡಿದ ಹಣದಿಂದಲೇ ಪಿಂಚಣಿ ಪಡೆಯುವ ಹೊಸ ಪದ್ಧತಿಯವರು. ಇವರು ನಿವೃತ್ತಿಯಲ್ಲಿ ಹೆಚ್ಚೆಂದರೆ ಶೇ. 60ರಷ್ಟನ್ನು ಒಟ್ಟಿಗೆ ತೆಗೆದುಕೊಂಡು, ಕನಿಷ್ಠ ಶೇ. 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ (ಬದುಕಿರುವವರೆಗೆ ಕಂತಾಗಿ ಬರುವ ಹಣ) ಕೊಳ್ಳಬೇಕು. ಆ ಕಂತಿಗೆ ತುಟ್ಟಿಭತ್ಯೆ ಸೇರುವುದಿಲ್ಲ. ಇವರ ಪಾಲಿಗೆ ಇಡಿಗಂಟೇ ಮುಂದಿನ ಸಂಬಳ.

ಅಧಿಸೂಚನೆ ಮುಂಚೆಯೇ ಹೊರಟು, ನೇಮಕಾತಿ ಮಾತ್ರ 2006ರ ಏಪ್ರಿಲ್ ನಂತರ ಆದವರಿಗೆ ಹಳೇ ಪಿಂಚಣಿಗೆ ಬರುವ ಅವಕಾಶ ಕೊಟ್ಟು 2024ರ ಜನವರಿಯಲ್ಲಿ ಸರ್ಕಾರ ಆದೇಶ ಮಾಡಿತು. ಆ ಗುಂಪಿನವರು ತಮ್ಮ ಸೇವಾ ಪುಸ್ತಕದಲ್ಲಿ ಆ ಬದಲಾವಣೆ ಏರಿದೆಯೇ ಎಂದು ನಿವೃತ್ತಿಗೆ ಬಹಳ ಮುಂಚೆ ನೋಡಿಕೊಳ್ಳಿ. ಅನುದಾನಿತ ಶಾಲೆಗಳಲ್ಲಿ 2006ರ ನಂತರ ಸೇರಿದ ಎಷ್ಟೋ ಜನರಿಗೆ ಎರಡೂ ಇಲ್ಲ. ಅವರ ಹೋರಾಟ ನಮ್ಮೆಲ್ಲರ ಹೋರಾಟವಾಗಬೇಕು, ಆ ಮಾತು ಬೇರೆ ಕಡೆ ವಿವರವಾಗಿ ಆಡುವಂಥದ್ದು. ಇಲ್ಲಿ ಇಷ್ಟು ಸಾಕು: ಅಂಥವರು ಅಸಲನ್ನು ಅಪಾಯಕ್ಕೆ ಒಡ್ಡುವ ಯಾವ ಆಯ್ಕೆಗೂ ಕೈ ಹಾಕಬಾರದು.

ಇನ್ನೊಂದು ವಿಷಯ, ಠೇವಣಿಗಿಂತ ಮುಂಚಿನದು. ಸೊಸೈಟಿ ಸಾಲ, ವೈಯಕ್ತಿಕ ಸಾಲ, ಒಡವೆ ಸಾಲ ಏನಾದರೂ ಉಳಿದಿದ್ದರೆ ಮೊದಲು ಅದನ್ನು ತೀರಿಸಿ. ಶೇ. 12ರ ಸಾಲ ಹೊತ್ತುಕೊಂಡು ಶೇ. 8ರ ಠೇವಣಿ ಇಡುವುದರಲ್ಲಿ ಅರ್ಥವಿಲ್ಲ. ಹಾಗೆಯೇ ಸಹೋದ್ಯೋಗಿಗಳಿಗೆ ಹಾಕಿದ ಜಾಮೀನುಗಳ ಪಟ್ಟಿ ಮಾಡಿಕೊಳ್ಳಿ. ಯಾರದೋ ಸಾಲ ಸುಸ್ತಿಯಾಗಿದ್ದರೆ, ಅಂದರೆ ಕಂತು ಕಟ್ಟದೆ ಬಾಕಿ ಉಳಿದಿದ್ದರೆ, ನಿಮಗೆ ಬಾಕಿ ಇಲ್ಲವೆಂಬ ಬೇಬಾಕಿ ಪತ್ರ ಕೊಡುವಾಗ ಸೊಸೈಟಿಯವರು ನಿಮ್ಮ ಹೆಸರನ್ನೂ ಎತ್ತುತ್ತಾರೆ. ಬದಲಿ ಜಾಮೀನುದಾರರನ್ನು ಕೊಡಿಸಿ ನಿಮ್ಮನ್ನು ಬಿಡಿಸಿಕೊಳ್ಳುವ ಕೆಲಸ ನಿವೃತ್ತಿಗೆ ಆರು ತಿಂಗಳ ಮುಂಚೆಯೇ ಆಗಬೇಕು.

ಯಾವುದರಿಂದ ಅಳೆಯೋಣ

ನಾನು ಅಳೆಯುವ ಕ್ರಮದಲ್ಲಿ ಬಡ್ಡಿ ದರ ಕೊನೆಗೆ ಬರುತ್ತದೆ. ಎಲ್ಲಕ್ಕಿಂತ ಮೊದಲು, ಹಣ ವಾಪಸು ಬರದಿದ್ದರೆ ಯಾರು ಹೊಣೆ ಎಂಬುದು. ಕೇಂದ್ರ ಸರ್ಕಾರವೇ? ವಿಮೆ ಇರುವ ಬ್ಯಾಂಕೇ? ಆಡಳಿತ ಮಂಡಳಿಯ ಏಳೆಂಟು ಜನರೇ? ಎರಡನೆಯದು, ಆಸ್ಪತ್ರೆಗೆ ದಿಢೀರ್ ಎರಡು ಲಕ್ಷ ಬೇಕಾದರೆ ಎಷ್ಟು ದಿನದಲ್ಲಿ, ಎಷ್ಟು ಕಡಿತದೊಂದಿಗೆ ಸಿಗುತ್ತದೆ ಎಂಬುದು. ಮೂರನೆಯದು, ಬಡ್ಡಿ ತಿಂಗಳಿಗೆ ಬರುತ್ತದೋ, ಮೂರು ತಿಂಗಳಿಗೋ, ಕೊನೆಯಲ್ಲೋ. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ನಾವು ಹೋದ ಮೇಲೆ ಮನೆಯವರಿಗೆ ಅಲೆದಾಟವಿಲ್ಲದೆ ಸಿಗುತ್ತದೆಯೇ? ಕುಟುಂಬ ಪಿಂಚಣಿ ನಮ್ಮ ಪಿಂಚಣಿಗಿಂತ ಸಾಕಷ್ಟು ಕಡಿಮೆ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ತೆರಿಗೆ ಆಮೇಲೆ. ಇಷ್ಟೂ ಸರಿ ಕಂಡ ಮೇಲೆ ಬಡ್ಡಿ ನೋಡೋಣ.

ಹಿರಿಯ ನಾಗರಿಕರ ಉಳಿತಾಯ ಯೋಜನೆ

ನಮ್ಮವರಲ್ಲಿ ಹೆಚ್ಚಿನವರಿಗೆ ಮೊದಲ ಆಯ್ಕೆ ಇದೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 60 ತುಂಬಿದವರು ತೆರೆಯಬಹುದು. ಕೇಂದ್ರ ಸರ್ಕಾರದ ಯೋಜನೆ, ಹೊಣೆಯೂ ಅದರದೇ. 2023ರ ಏಪ್ರಿಲ್‌ನಲ್ಲಿ ಗರಿಷ್ಠ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು, ಬಡ್ಡಿ ಶೇ. 8.2 ಆಯಿತು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಆದರೆ ನೀವು ಖಾತೆ ತೆರೆದ ದಿನ ಇದ್ದ ದರ ನಿಮಗೆ ಐದು ವರ್ಷ ಬದಲಾಗುವುದಿಲ್ಲ. ಐದು ವರ್ಷದ ನಂತರ ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು.

ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಖು ಬರುತ್ತದೆ. ಶೇ. 8.2ರಂತೆ 10 ಲಕ್ಷಕ್ಕೆ ಮೂರು ತಿಂಗಳಿಗೆ 20,500 ರೂಪಾಯಿ, 20 ಲಕ್ಷಕ್ಕೆ 41,000, ಪೂರ್ತಿ 30 ಲಕ್ಷ ಇಟ್ಟರೆ 61,500. ಈ ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಸೇರುವುದಿಲ್ಲ. ಅದಕ್ಕೇ ಉಳಿತಾಯ ಖಾತೆಗೆ ನೇರ ಜಮೆಯಾಗುವಂತೆ ಮೊದಲ ದಿನವೇ ಬರೆದುಕೊಡಿ. ಹಳೇ ಪಿಂಚಣಿಯವರು ಆ ಖಾತೆಯಿಂದ ಆರ್‌ಡಿ ಕಟ್ಟಿಕೊಂಡರೆ ಬಡ್ಡಿಯೂ ದುಡಿಯುತ್ತದೆ.

ಮಧ್ಯದಲ್ಲಿ ಮುಚ್ಚಬಹುದು, ಆದರೆ ಬೆಲೆ ತೆರಬೇಕು. ಒಂದು ವರ್ಷದೊಳಗೆ ಮುಚ್ಚಿದರೆ ಬಡ್ಡಿಯೇ ಇಲ್ಲ, ಕೊಟ್ಟಿದ್ದನ್ನೂ ಅಸಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಒಂದರಿಂದ ಎರಡು ವರ್ಷದೊಳಗಾದರೆ ಅಸಲಿನ ಶೇ. 1.5, ಎರಡು ವರ್ಷ ದಾಟಿದ ಮೇಲೆ ಶೇ. 1 ಕಡಿತ. ಹೀಗಾಗಿ 20 ಲಕ್ಷವನ್ನು ಒಂದೇ ಖಾತೆಯಲ್ಲಿ ಇಡುವ ಬದಲು ಎರಡು ಮೂರು ಖಾತೆಗಳಾಗಿ ಮಾಡಿ. ಹೇಗೂ ನಿಮ್ಮ ಹಣ ಬೇರೆ ಬೇರೆ ತಾರೀಖಿಗೆ ತಾನೇ ಬರುವುದು? ಬಂದ ಹಾಗೆ ಒಂದೊಂದು ತೆರೆಯುತ್ತ ಹೋಗಿ. ಒಂದನ್ನು ಒಡೆಯಬೇಕಾಗಿ ಬಂದರೂ ಉಳಿದವು ಹಾಗೇ ಇರುತ್ತವೆ.

ಜಂಟಿ ಖಾತೆ ಗಂಡ ಹೆಂಡತಿ ಸೇರಿ ಮಾತ್ರ ತೆರೆಯಬಹುದು. ಮಗನನ್ನೋ ಮಗಳನ್ನೋ ಜಂಟಿ ಮಾಡಲಾಗದು, ನಾಮಿನಿ ಮಾಡಬಹುದು. ಇಬ್ಬರೂ ಶಿಕ್ಷಕರಾಗಿದ್ದು ಇಬ್ಬರಿಗೂ 60 ದಾಟಿದ್ದರೆ ಒಬ್ಬೊಬ್ಬರಿಗೂ 30 ಲಕ್ಷದ ಮಿತಿ ಬೇರೆ ಬೇರೆ.

ಇದಕ್ಕೆ ಅಂಚೆ ಕಚೇರಿಗೇ ಹೋಗಬೇಕೆಂದಿಲ್ಲ. ಸರ್ಕಾರಿ ಬ್ಯಾಂಕುಗಳಲ್ಲೂ ಇದೇ ಯೋಜನೆ, ಇದೇ ದರ. ಹಿಂದಿನ ಮೈಸೂರು ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿತಲ್ಲ, ನಮ್ಮ ಕಡೆಯ ಎಷ್ಟೋ ಶಿಕ್ಷಕರ ಸಂಬಳ, ಪಿಂಚಣಿ ಖಾತೆ ಅಲ್ಲೇ ಮುಂದುವರಿದಿದೆ. ಅಂಥವರಿಗೆ ಅದೇ ಶಾಖೆಯಲ್ಲಿ ತೆರೆಯುವುದು ಸಲೀಸು. ಕೌಂಟರಿನಲ್ಲಿ "ಆ ಯೋಜನೆ ಬೇಡ ಮೇಷ್ಟ್ರೇ, ಇದಕ್ಕಿಂತ ಒಳ್ಳೇದಿದೆ" ಎಂದು ಬೇರೆ ಫಾರಂ ಮುಂದಿಟ್ಟರೆ ಏನು ಮಾಡಬೇಕೆಂದು ಕೆಳಗೆ ಹೇಳುತ್ತೇನೆ.

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ

ಬಾಡಿಗೆ ಕಟ್ಟುವವರಿಗೆ, ಪ್ರತಿ ತಿಂಗಳು ಔಷಧಿ ಖರ್ಚಿರುವವರಿಗೆ ಇದು ಅನುಕೂಲ. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ಬಡ್ಡಿ 2023ರ ಏಪ್ರಿಲ್‌ನಿಂದ ಶೇ. 7.4ರಲ್ಲಿದೆ. 9 ಲಕ್ಷಕ್ಕೆ ತಿಂಗಳಿಗೆ 5,550 ರೂಪಾಯಿ, 15 ಲಕ್ಷಕ್ಕೆ 9,250. ಹಿರಿಯ ನಾಗರಿಕರ ಯೋಜನೆಯ ಮಿತಿ ತುಂಬುವವರೆಗೆ ಇದಕ್ಕೆ ಹೋಗುವ ಅಗತ್ಯ ಹೆಚ್ಚಿನವರಿಗಿಲ್ಲ, ಶೇ. 0.8 ಕಡಿಮೆ ಬಡ್ಡಿಗೆ ಒಪ್ಪಿಕೊಂಡ ಹಾಗಾಗುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಇದೇ ಸರಿ. ಮನೆಯಾಕೆಗೆ ಇನ್ನೂ 60 ಆಗಿಲ್ಲ, ಆಕೆಯ ಹೆಸರಲ್ಲೇ ಒಂದಿಷ್ಟು ಇರಲಿ, ಆಕೆಯ ಕೈಗೇ ತಿಂಗಳು ತಿಂಗಳು ಬರಲಿ ಅನ್ನುವುದಾದರೆ ಇದಕ್ಕಿಂತ ಒಳ್ಳೆಯದು ಕಾಣೆ.

ಬ್ಯಾಂಕಿನ ಮುದ್ದತು ಠೇವಣಿ

ಹಿರಿಯ ನಾಗರಿಕರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಹೆಚ್ಚು ಕೊಡುತ್ತವೆ. ಆದರೂ 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಹಂತ ಹಂತವಾಗಿ ಇಳಿಸಿದ ಮೇಲೆ ಠೇವಣಿ ದರಗಳೂ ಇಳಿದವು. ಬಡ್ಡಿಯಲ್ಲಿ ಇದು ಅಂಚೆ ಯೋಜನೆಗಳಿಗಿಂತ ಹಿಂದೆ. ಇದರ ಬಲ ಇರುವುದು ಸಲೀಸಾಗಿ ಕೈಗೆ ಸಿಗುವುದರಲ್ಲಿ. ಬೆಳಿಗ್ಗೆ ಹೋದರೆ ಮಧ್ಯಾಹ್ನದೊಳಗೆ ಹಣ ಸಿಗುತ್ತದೆ. ಠೇವಣಿ ಮುರಿಯದೆ ಅದರ ಮೇಲೆ ಸಾಲವೂ ಸಿಗುತ್ತದೆ. ಅದಕ್ಕೇ ಆಸ್ಪತ್ರೆ ಖರ್ಚಿನ ಹಣ, ಮುಂದಿನ ಒಂದೆರಡು ವರ್ಷದಲ್ಲಿ ಬೇಕಾಗುವ ಮದುವೆ ಹಣ, ಮನೆ ರಿಪೇರಿ ಹಣ ಇಲ್ಲಿರಲಿ. ಐದು ಲಕ್ಷವನ್ನು ಒಂದೇ ಬಾಂಡ್ (ಠೇವಣಿ ರಸೀದಿ) ಮಾಡಬೇಡಿ, ಲಕ್ಷದ ಐದು ಮಾಡಿ. ಬೇಕಾದಷ್ಟನ್ನೇ ಮುರಿಯಬಹುದು.

ಠೇವಣಿ ವಿಮೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಲ್ಲಿ ಎಷ್ಟೇ ಶಾಖೆಗಳಲ್ಲಿ ಎಷ್ಟೇ ಇದ್ದರೂ ಅಸಲು ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ ವಿಮೆ. 2020ರ ಫೆಬ್ರುವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ, ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ದೊಡ್ಡ ಸರ್ಕಾರಿ ಬ್ಯಾಂಕಿನಲ್ಲಿ ಈ ಮಿತಿ ಅಷ್ಟಾಗಿ ಕಾಡುವುದಿಲ್ಲ. ಚಿಕ್ಕ ಸಹಕಾರಿ ಬ್ಯಾಂಕಿನಲ್ಲಿ ಇಡುವವರು ಬಡ್ಡಿಗೆ ಜಾಗ ಬಿಟ್ಟು ನಾಲ್ಕು ಲಕ್ಷದ ಆಸುಪಾಸಿಗೆ ನಿಲ್ಲಿಸಿ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ನಿವೃತ್ತಿ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ವಯಸ್ಸಾದವರು ಶಾಖೆಯ ಮುಂದೆ ನಿಂತಿದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ.

ಸೊಸೈಟಿ ಠೇವಣಿ: ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ

ಇದು ನಾಜೂಕಾದ ವಿಷಯ, ಯಾಕೆಂದರೆ ಸೊಸೈಟಿ ನಮ್ಮದೇ. ಮೊದಲ ಸಂಬಳ ಬಂದಾಗ ಷೇರು ಕಟ್ಟಿ ಸದಸ್ಯರಾದವರು ನಾವು, ಮಕ್ಕಳ ಫೀಸಿಗೆ, ಸೈಟಿಗೆ, ಅಪ್ಪನ ಆಪರೇಷನ್ನಿಗೆ ಸಾಲ ಕೊಟ್ಟದ್ದು ಅದು. ಆ ಋಣ ನನಗೂ ಇದೆ. ಆದರೂ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಮೇಲೆ ಹೇಳಿದ 5 ಲಕ್ಷದ ಠೇವಣಿ ವಿಮೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ಬೋರ್ಡಿನಲ್ಲಿ "ಸಹಕಾರಿ" ಎಂದಿದ್ದ ಮಾತ್ರಕ್ಕೆ ಅದು ಬ್ಯಾಂಕಾಗುವುದಿಲ್ಲ.

ಲೆಕ್ಕವನ್ನು ಎದುರಿಗಿಟ್ಟು ನೋಡಿ. ಸೊಸೈಟಿ ಶೇ. 9.5 ಕೊಡುತ್ತದೆ ಅಂದುಕೊಳ್ಳೋಣ. ಶೇ. 8.2ಕ್ಕೂ ಇದಕ್ಕೂ 10 ಲಕ್ಷದ ಮೇಲೆ ವರ್ಷಕ್ಕೆ 13,000 ರೂಪಾಯಿ ವ್ಯತ್ಯಾಸ. ತಿಂಗಳಿಗೆ ಸಾವಿರದ ಎಂಬತ್ತು ಚಿಲ್ಲರೆ. ಆ ಸಾವಿರ ರೂಪಾಯಿಗಾಗಿ ಸರ್ಕಾರದ ಹೊಣೆ ಇರುವ ಕಡೆಯಿಂದ ಹೊಣೆ ಇಲ್ಲದ ಕಡೆಗೆ 10 ಲಕ್ಷದ ಅಸಲನ್ನು ಸಾಗಿಸಬೇಕೇ ಎಂಬುದು ನಿಜವಾದ ಪ್ರಶ್ನೆ.

ಎಲ್ಲ ಸೊಸೈಟಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನೌಕರರಷ್ಟೇ ಸದಸ್ಯರಾಗಿರುವ, ಸಾಲದ ಕಂತನ್ನು ಬಟವಾಡೆ ಅಧಿಕಾರಿಯೇ ಸಂಬಳದಲ್ಲಿ ಕಡಿದು ಕಳಿಸುವ ಸಂಘದಲ್ಲಿ ಸುಸ್ತಿ ಕಡಿಮೆ. ಯಾರು ಬೇಕಾದರೂ ನಾಮಮಾತ್ರ ಸದಸ್ಯರಾಗಿ ಸೈಟು, ವ್ಯಾಪಾರ ಅಂತ ದೊಡ್ಡ ದೊಡ್ಡ ಸಾಲ ತೆಗೆಯುವ ಸೊಸೈಟಿಯಲ್ಲಿ ಅಪಾಯ ಹಲವು ಪಟ್ಟು. ಮೊದಲನೆಯದರಲ್ಲಿ ಸ್ವಲ್ಪ ಇಡಬಹುದು. ಎರಡನೆಯದರಲ್ಲಿ ನಿವೃತ್ತಿ ಹಣ ಬೇಡ.

ಇಡುವ ಮುಂಚೆ ವಾರ್ಷಿಕ ಮಹಾಸಭೆಯ ವರದಿ ಪುಸ್ತಕ ತರಿಸಿ ಓದಿ. ಊಟದ ಕೂಪನ್ನಿನ ಜೊತೆ ಕೊಡುವ ಆ ಪುಸ್ತಕವನ್ನು ನಾವು ಬ್ಯಾಗಿನಲ್ಲಿ ತುರುಕಿ ತಂದು ಅಟ್ಟಕ್ಕೆ ಹಾಕುತ್ತೇವೆ. ಅದರಲ್ಲಿ ಮೂರು ಜಾಗ ನೋಡಿದರೆ ಸಾಕು. ಲೆಕ್ಕ ಪರಿಶೋಧನೆಯಲ್ಲಿ ಯಾವ ವರ್ಗ ಸಿಕ್ಕಿದೆ, ಎಯೋ ಬಿಯೋ, ಮೂರು ವರ್ಷದ್ದೂ ನೋಡಿ. ಎ ಇದ್ದದ್ದು ಬಿ ಆಗಿ ಸಿಗೆ ಇಳಿದಿದ್ದರೆ ಅಲ್ಲಿಗೇ ಮುಗಿಯಿತು. ಆಮೇಲೆ ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಸದಸ್ಯರ ಸಾಲ ಒಟ್ಟು ಎಷ್ಟು, ಅದರಲ್ಲಿ ಸುಸ್ತಿ ಎಷ್ಟು ನೋಡಿ. ನೂರಕ್ಕೆ ಐದಕ್ಕಿಂತ ಹೆಚ್ಚು ಸುಸ್ತಿ ಇದ್ದರೆ ನಾನು ಇಡುವುದಿಲ್ಲ. ಕೊನೆಗೆ, ಲೆಕ್ಕ ಪರಿಶೋಧಕರ ನ್ಯೂನತೆಗಳ ಪಟ್ಟಿ. ಕಳೆದ ವರ್ಷದ ನ್ಯೂನತೆಯೇ ಈ ವರ್ಷವೂ ಅಚ್ಚಾಗಿದ್ದರೆ, ಆಡಳಿತ ಮಂಡಳಿ ಅದನ್ನು ಓದಿಯೇ ಇಲ್ಲ ಎಂದರ್ಥ. ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ಪ್ರಶ್ನೆ ಕೇಳುವ ಸದಸ್ಯರಿರುವ ಸಂಘ ಗಟ್ಟಿಯಾಗಿರುತ್ತದೆ.

ಇವೆಲ್ಲ ಸರಿಯಿದ್ದರೂ ಒಟ್ಟು ಹಣದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಅದೂ ಒಂದು ವರ್ಷದ ಅವಧಿಗೆ, ವರ್ಷಕ್ಕೊಮ್ಮೆ ವರದಿ ನೋಡಿ ನವೀಕರಿಸುವಂತೆ.

ಮ್ಯೂಚುವಲ್ ಫಂಡ್, ವಿಮೆ ಪಾಲಿಸಿ, ಸೈಟು

ಮ್ಯೂಚುವಲ್ ಫಂಡಿನ ಬಗ್ಗೆ ನಮ್ಮಲ್ಲಿ ಅತಿ ಹೆದರಿಕೆಯೂ ಇದೆ, ಅತಿ ಆಸೆಯೂ ಇದೆ. ಹದಿನೈದು ಇಪ್ಪತ್ತು ವರ್ಷ ಬಾಳಬೇಕಾದವರಿಗೆ ಬೆಲೆಯೇರಿಕೆ ದೊಡ್ಡ ಶತ್ರು. ಐದು ವರ್ಷ ಒಂದೇ ಮೊತ್ತ ತರುವ ಬಡ್ಡಿ ಅದನ್ನು ಪೂರ್ತಿ ತಡೆಯುವುದಿಲ್ಲ. ಹಳೇ ಪಿಂಚಣಿ ಇದ್ದು, ಸಾಲವಿಲ್ಲದೆ, ಏಳೆಂಟು ವರ್ಷ ಮುಟ್ಟದೆ ಇರಬಲ್ಲವರು ಒಂದು ಪಾಲನ್ನು ಇಲ್ಲಿಡುವುದು ತಪ್ಪಲ್ಲ. ಆದರೆ 2020ರ ಜನವರಿಯಲ್ಲಿ 41 ಸಾವಿರ ದಾಟಿದ್ದ ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರದ ಕೆಳಗಿಳಿದಿತ್ತು. ಮತ್ತೆ ಏರಿತು ನಿಜ, ಆದರೆ ಆ ಮಾರ್ಚಿನಲ್ಲಿ ಮಗಳ ಮದುವೆಗೆ ಹಣ ತೆಗೆಯಬೇಕಾದವರ ಗತಿ ಏನು? ಆ ಇಳಿತ ಕಂಡು ನಿದ್ದೆ ಬರುವುದಿಲ್ಲ ಅನ್ನುವವರು ಈ ಕಡೆ ಬರಬೇಡಿ, ಅದರಿಂದ ನಷ್ಟವೇನಿಲ್ಲ.

ಈಗ ಆ ಬೇರೆ ಫಾರಂ. ಖಾತೆಗೆ ಇಪ್ಪತ್ತು ಲಕ್ಷ ಬಿದ್ದ ವಾರದಲ್ಲೇ ಶಾಖೆಯಿಂದ ಕರೆ ಬರುತ್ತದೆ, ಕೂರಿಸಿ ಕಾಫಿ ಕೊಡುತ್ತಾರೆ, ಎಫ್‌ಡಿ ಥರಾನೇ ಎಂದು ವಿಮಾ ಪಾಲಿಸಿಗೆ ಸಹಿ ಹಾಕಿಸುತ್ತಾರೆ. ಒಂದೇ ಸಲ ಕಟ್ಟುವುದು ಅಂದುಕೊಂಡವರಿಗೆ ಮುಂದಿನ ವರ್ಷ ಮತ್ತೆ ಅಷ್ಟೇ ಕಂತಿನ ನೋಟಿಸ್ ಬಂದದ್ದನ್ನು ಸಂಘದಲ್ಲಿ ನೋಡಿದ್ದೇನೆ. ಸಹಿ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಇದು ಠೇವಣಿಯೋ ವಿಮೆಯೋ, ಎಷ್ಟು ವರ್ಷ ಕಟ್ಟಬೇಕು, ಬರೆದುಕೊಡಿ." ಈಗಾಗಲೇ ಮಾಡಿಸಿದ್ದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ಹಿಂತಿರುಗಿಸುವ ಹಕ್ಕು ನಿಮಗಿದೆ.

ಸೈಟಿನ ಮಾತು. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗೆ ರಸ್ತೆ ಬದಿಯ ಗದ್ದೆಗಳಲ್ಲೆಲ್ಲ ಬಡಾವಣೆಯ ಬೋರ್ಡು ಎದ್ದಿವೆ. ಇರಲು ಮನೆಯಿಲ್ಲದವರು ಸೈಟು ಕೊಳ್ಳುವುದು ಸರಿ. ಇರುವ ಮನೆ ಬಿಟ್ಟು ಇನ್ನೊಂದು ಸೈಟಿಗೆ ಇಡಿಗಂಟು ಸುರಿದರೆ, ಕಷ್ಟಕ್ಕೆ ಬೇಕಾದಾಗ ಅರ್ಧ ಸೈಟು ಮಾರಲಾಗುವುದಿಲ್ಲ. ಕೊಳ್ಳುವುದೇ ಆದರೆ ಭೂಪರಿವರ್ತನೆ ಆದೇಶ, ಪ್ರಾಧಿಕಾರದ ವಿನ್ಯಾಸ ಅನುಮೋದನೆ, ಋಣಭಾರ ಪತ್ರ ನೋಡಿ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಅನುಮೋದನೆಯಿಲ್ಲದ ಸೈಟಿಗೆ ಕೊಡುವ 11ಬಿ ತೋರಿಸಿದರೆ ಎದ್ದು ಬನ್ನಿ.

ಚೀಟಿ ವಿಚಾರ ಚುಟುಕಾಗಿ: ನೋಂದಾಯಿತವಲ್ಲದ್ದು ಬೇಡವೇ ಬೇಡ. ತಿಂಗಳಿಗೆ ಶೇ. 2, 3 ಎಂದು ಆಸೆ ತೋರಿಸುವ ಕಂಪನಿಗಳು ಇನ್ನೂ ಕೆಟ್ಟವು. ಅವರು ಮೇಷ್ಟ್ರನ್ನೇ ಹುಡುಕಿಕೊಂಡು ಬರುತ್ತಾರೆ, ಯಾಕೆಂದರೆ ಮೇಷ್ಟ್ರು ಇಟ್ಟರೆ ಊರು ಇಡುತ್ತದೆ. ನಾಳೆ ಮುಳುಗಿದಾಗ ನಮ್ಮ ಹಳೇ ವಿದ್ಯಾರ್ಥಿಗಳ ತಂದೆತಾಯಿ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯ್ದೆ ನಿಷೇಧಿಸಿದೆ, ಅದಕ್ಕೆ ಪ್ರಚಾರ ಮಾಡಿ ಜನರನ್ನು ಸೇರಿಸಿದವರೂ ಅದರಡಿ ಸಿಕ್ಕಿಬೀಳುತ್ತಾರೆ.

ತೆರಿಗೆ

ಸರ್ಕಾರಿ ನೌಕರರಿಗೆ ಉಪದಾನ, ಪಿಂಚಣಿ ಪರಿವರ್ತನೆ, ನಿವೃತ್ತಿಯ ಸಮಯದ ರಜೆ ನಗದೀಕರಣ ಇವಕ್ಕೆ ತೆರಿಗೆ ಇಲ್ಲ. ಅವನ್ನು ಇಟ್ಟ ಮೇಲೆ ಬರುವ ಬಡ್ಡಿಗೆ ಇದೆ. ಆದರೆ 2025ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದ್ದು, ಪಿಂಚಣಿದಾರರಿಗೆ 75,000ದ ಕಡಿತವೂ ಇದೆ. ತಿಂಗಳಿಗೆ 40,000 ಪಿಂಚಣಿ, ಮೇಲೆ 30 ಲಕ್ಷದ ಬಡ್ಡಿ 2,46,000, ಎರಡೂ ಸೇರಿ ವರ್ಷಕ್ಕೆ 7,26,000. ತೆರಿಗೆ ಬರುವುದಿಲ್ಲ. ಆದರೂ ವರ್ಷದ ಬಡ್ಡಿ 1 ಲಕ್ಷ ದಾಟಿದರೆ ಅಂಚೆಯವರೂ ಬ್ಯಾಂಕಿನವರೂ ಮೂಲದಲ್ಲೇ ಶೇ. 10 ಹಿಡಿದುಬಿಡುತ್ತಾರೆ. ಇಷ್ಟು ವರ್ಷ 15ಎಚ್ ಎಂದು ಕರೆಯುತ್ತಿದ್ದ ಘೋಷಣೆಯ ಫಾರಂ ಅನ್ನು ಏಪ್ರಿಲ್ ಮೊದಲ ವಾರದಲ್ಲೇ ಎಲ್ಲ ಕಡೆ ಕೊಟ್ಟರೆ ಈ ತೊಂದರೆ ಇಲ್ಲ. ಪ್ರತಿ ವರ್ಷವೂ ಕೊಡಬೇಕು.

ಹಾಗಾದರೆ ಯಾರಿಗೆ ಯಾವುದು?

ಹಳೇ ಪಿಂಚಣಿಯ ಮೇಷ್ಟ್ರು, ಸ್ವಂತ ಮನೆ, ಸಾಲ ತೀರಿದೆ, ಕೈಯಲ್ಲಿ 30 ಲಕ್ಷ ಇದೆ ಎಂದುಕೊಳ್ಳಿ. ನಾನಾದರೆ 18 ಲಕ್ಷವನ್ನು ಹಿರಿಯ ನಾಗರಿಕರ ಯೋಜನೆಯಲ್ಲಿ ಮೂರು ಖಾತೆಗಳಾಗಿ, 5 ಲಕ್ಷವನ್ನು ಬ್ಯಾಂಕಿನಲ್ಲಿ ಲಕ್ಷದ ಬಾಂಡುಗಳಾಗಿ ಇಡುತ್ತೇನೆ. ಮನೆಯವರ ಹೆಸರಲ್ಲಿ 4 ಲಕ್ಷ ಮಾಸಿಕ ಆದಾಯ ಯೋಜನೆಗೆ. ಉಳಿದ 3 ಲಕ್ಷ ಮೇಷ್ಟ್ರ ಮನಸ್ಸಿಗೆ ಬಿಟ್ಟದ್ದು: ಗಟ್ಟಿ ಸೊಸೈಟಿಯಾದರೂ ಸರಿ, ಮ್ಯೂಚುವಲ್ ಫಂಡ್ ಆದರೂ ಸರಿ. ಮಗ ಅಂಗಡಿಗೆ ಬಂಡವಾಳ ಕೇಳಿದರೆ ಕೊಡುವುದಾದರೂ ಈ 3 ಲಕ್ಷದೊಳಗೇ ಕೊಡಿ. ಕೇಳುವುದು ತಪ್ಪಲ್ಲ, ಆದರೆ ಅಪ್ಪ ಅಮ್ಮನ ಆಸ್ಪತ್ರೆ ಹಣ ಅದರಲ್ಲಿ ಬೆರೆಯಬಾರದು.

ಎನ್‌ಪಿಎಸ್‌ನವರದ್ದು ಬೇರೆ ಲೆಕ್ಕ. ಒಟ್ಟು 25 ಲಕ್ಷ ಆಗಿದ್ದರೆ 10 ಲಕ್ಷ ವರ್ಷಾಶನಕ್ಕೆ ಹೋಗಿ, ಅದರಿಂದ ತಿಂಗಳಿಗೆ ಐದಾರು ಸಾವಿರ ಬರಬಹುದು. ಆಯ್ಕೆ ಮಾಡುವಾಗ ನಿಮ್ಮ ನಂತರ ಸಂಗಾತಿಗೂ ಮುಂದುವರಿಯುವ ಬಗೆಯನ್ನೇ ಆರಿಸಿ. ಹಾಗೆ ಮಾಡಿದರೆ ಕಂತು ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಕೈಗೆ ಬರುವ 15 ಲಕ್ಷದಲ್ಲಿ 12 ಲಕ್ಷ ಹಿರಿಯ ನಾಗರಿಕರ ಯೋಜನೆಗೆ ಹಾಕಿದರೆ ಮೂರು ತಿಂಗಳಿಗೆ 24,600 ಬರುತ್ತದೆ, 3 ಲಕ್ಷ ಬ್ಯಾಂಕಿನಲ್ಲಿರಲಿ. ಸೊಸೈಟಿ, ಫಂಡು, ಸೈಟು ಯಾವುದೂ ಬೇಡ. ಇಷ್ಟರಲ್ಲಿ ಸಂಸಾರ ನಡೆಯುವುದು ಕಷ್ಟವೆಂದು ನನಗೂ ಗೊತ್ತು. ಎನ್‌ಪಿಎಸ್ ರದ್ದಾಗಲಿ ಎಂದು ಬೀದಿಗಿಳಿಯುತ್ತಿರುವುದು ಈ ಲೆಕ್ಕ ತಿಳಿದೇ.

ಒಂಟಿಯಾಗಿದ್ದು ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಮೇಡಂಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಬಡ್ಡಿಗಿಂತ ಕೈಗೆ ಬೇಗ ಸಿಗುವುದು ಮುಖ್ಯ. ಬ್ಯಾಂಕಿನ ಪಾಲು ಹತ್ತರಲ್ಲಿ ಮೂರಾದರೂ ಇರಲಿ, ನಾಮಿನಿ ಯಾರೆಂದು ಈಗಲೇ ತೀರ್ಮಾನಿಸಿ ಬರೆಸಿ. ಖಾಲಿ ಬಿಟ್ಟರೆ ಮುಂದೆ ಅಣ್ಣತಮ್ಮಂದಿರ ಮಕ್ಕಳು ವಾರಸುದಾರರ ಪತ್ರಕ್ಕೆ ಅಲೆಯಬೇಕಾಗುತ್ತದೆ.

ಅನುದಾನಿತ ಶಾಲೆಯಿಂದ ಪಿಂಚಣಿಯಿಲ್ಲದೆ ಹೊರಬಂದವರು ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಟ್ಟು ಉಳಿದದ್ದನ್ನೆಲ್ಲ ಹಿರಿಯ ನಾಗರಿಕರ ಯೋಜನೆಗೆ ಹಾಕಿ.

ಖಾತೆ ತೆರೆಯಲು ಹೋಗುವಾಗ ಆಧಾರ್, ಪ್ಯಾನ್, ಎರಡು ಫೋಟೊ, ಪಾಸ್‌ಬುಕ್, ಚೆಕ್‌ಬುಕ್ ಇರಲಿ. 1 ಲಕ್ಷ ಮೀರಿದರೆ ಚೆಕ್ಕಿನಲ್ಲೇ ಕೊಡಬೇಕು. ಆಧಾರ್‌ನಲ್ಲಿರುವ ಹುಟ್ಟಿದ ದಿನಾಂಕವೂ ಸೇವಾ ಪುಸ್ತಕದ ದಿನಾಂಕವೂ ಒಂದೇ ಇದೆಯೇ ನೋಡಿಕೊಳ್ಳಿ. ಬೇರೆ ಬೇರೆ ಇದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಆಧಾರ್ ಕೇಂದ್ರಕ್ಕೆ ಮೊದಲು ಹೋಗಿ ಬನ್ನಿ. ಸಾಧ್ಯವಾದರೆ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಯಾವ ಕೌಂಟರು, ಯಾವ ಪಾಸ್‌ಬುಕ್ಕು, ಎಷ್ಟು ಹಣ ಎಂಬುದು ಅವರಿಗೂ ಅವತ್ತೇ ಗೊತ್ತಾಗಲಿ.